ಮನೆಯಲ್ಲಿ ಮಾಡಿದ ಬಾತ್ ಬಾಂಬ್ (ಸ್ನಾನದ ನೀರಿಗೆ ಹಾಕಿದರೆ ಬುರುಗೆದ್ದು ಕರಗುವ ಉಂಡೆ) ಒಂದು ಸಲ ಉಬ್ಬಿತು, ಇನ್ನೊಂದು ಸಲ ಪುಡಿಯಾಯಿತು. ಎಲ್ಲಿ ತಪ್ಪುತ್ತಿದೆ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಯಾಕೆಂದರೆ ಈ ಎರಡೂ ನನ್ನ ಕೈಯಲ್ಲೂ ಆಗಿವೆ. ಮೊದಲ ಸಲ ಸಂಜೆ ಅಚ್ಚಿಗೆ ತುಂಬಿಟ್ಟದ್ದು ಬೆಳಗಾಗುವಷ್ಟರಲ್ಲಿ ಉಬ್ಬಿ ಅಚ್ಚನ್ನೇ ಬಿರಿಸಿಕೊಂಡು ಹೊರಗೆ ಬಂದಿತ್ತು ಅಂತ ಬರೆದಿದ್ದೀರಿ. ಅದಕ್ಕೆ ಹೆದರಿ ಎರಡನೇ ಸಲ ನೀರು ಮುಟ್ಟಿಸಲೇ ಇಲ್ಲ, ಅಚ್ಚು ಬಿಡಿಸುತ್ತಿದ್ದಂತೆ ಉದುರಿ ಹೋಯಿತು ಅಂದಿದ್ದೀರಿ. ಎರಡು ಪಾಲು ಅಡುಗೆ ಸೋಡಾ, ಒಂದು ಪಾಲು ಸಿಟ್ರಿಕ್ ಆಸಿಡ್ ಅನ್ನುವ ನಿಮ್ಮ ಅಳತೆ ಸರಿಯಾಗಿಯೇ ಇದೆ. ಅದನ್ನು ಬದಲಾಯಿಸಬೇಡಿ. ತಪ್ಪಿರುವುದು ತೇವದಲ್ಲಿ ಮಾತ್ರ. ಒಂದು ಸಲ ಜಾಸ್ತಿ ಆಯಿತು, ಇನ್ನೊಂದು ಸಲ ಇಲ್ಲವೇ ಇಲ್ಲ.

ಉಬ್ಬಿದ್ದು ಯಾಕೆ ಅಂತ ಮೊದಲು ಹೇಳುತ್ತೇನೆ. ಇದೊಂದು ತಿಳಿದರೆ ಮಿಕ್ಕಿದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ.

ಸೋಡಾ ಮತ್ತು ಸಿಟ್ರಿಕ್ ಆಸಿಡ್ ಒಣಗಿರುವ ತನಕ ಒಂದೇ ಡಬ್ಬಿಯಲ್ಲಿ ತೆಪ್ಪಗೆ ಇರುತ್ತವೆ. ನೀರು ತಾಗಿದಾಗ ಮಾತ್ರ ಕರಗಿ ಒಂದರ ಜೊತೆ ಒಂದು ಸೇರುತ್ತವೆ. ಆಗ ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಟು ಬುರುಗು ಬರುತ್ತದೆ, ಸೋಡಿಯಂ ಸಿಟ್ರೇಟ್ ಅನ್ನುವ ಉಪ್ಪು ಉಳಿಯುತ್ತದೆ. ಇಷ್ಟು ನಿಮಗೂ ಗೊತ್ತಿರುತ್ತದೆ. ಆದರೆ ಇದರ ಜೊತೆಗೆ ಇನ್ನೊಂದು ಹುಟ್ಟುತ್ತದೆ, ನೀರು. ಸಿಟ್ರಿಕ್ ಆಸಿಡ್‌ನ ಒಂದು ಅಣು ಸೋಡಾದ ಮೂರು ಅಣುಗಳ ಜೊತೆ ಸೇರಿದರೆ ಮೂರು ಅಣು ಅನಿಲ, ಮೂರು ಅಣು ನೀರು. ಆ ಹೊಸ ನೀರು ಪಕ್ಕದ ಕಾಳನ್ನು ಕರಗಿಸುತ್ತದೆ, ಅಲ್ಲಿ ಮತ್ತೆ ನೀರು ಹುಟ್ಟುತ್ತದೆ. ಅಂದರೆ ನೀವು ಹಾಕಿದ್ದು ಒಂದು ಚಮಚ ಇರಬಹುದು, ಆದರೆ ಒಳಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಸಂಜೆ ಚೆನ್ನಾಗಿ ಕೂತಿದ್ದ ಉಂಡೆ ರಾತ್ರಿಯೆಲ್ಲಾ ಉಬ್ಬಿದ್ದು ಇದಕ್ಕೇ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ನೀವು ಒಂದು ಹನಿ ಹಾಕದಿದ್ದರೂ ಹೀಗೆ ಆಗಬಹುದು. ಸಿಟ್ರಿಕ್ ಆಸಿಡ್ ಗಾಳಿಯ ತೇವವನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಡಬ್ಬಿ ತೆರೆದಿಟ್ಟರೆ ಅದು ಗಂಟುಕಟ್ಟುವುದನ್ನು ನೋಡಿರುತ್ತೀರಿ ಅಲ್ವಾ?

ಎಷ್ಟು ಅನಿಲ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿದ್ದೆ. 200 ಗ್ರಾಂ ಸೋಡಾ, 100 ಗ್ರಾಂ ಸಿಟ್ರಿಕ್ ಆಸಿಡ್ ಪೂರ್ತಿ ಸೇರಿದರೆ ಸುಮಾರು 37 ಲೀಟರ್. ಎರಡು ದೊಡ್ಡ ಬಕೆಟ್ ತುಂಬುವಷ್ಟು. ಇದರಲ್ಲಿ ಹತ್ತನೇ ಒಂದು ಭಾಗ ಅಚ್ಚಿನೊಳಗೇ ಹೊರಟರೂ ಯಾವ ಅಚ್ಚು ತಡೆಯುತ್ತದೆ ಹೇಳಿ.

ಈಗ ಮಾಡುವ ಬಗೆ. ನಾನು ಒಂದು ಸಲಕ್ಕೆ 200 ಗ್ರಾಂ ಸೋಡಾ, 100 ಗ್ರಾಂ ಸಿಟ್ರಿಕ್ ಆಸಿಡ್, 50 ಗ್ರಾಂ ಕಾರ್ನ್‌ಫ್ಲೋರ್, ಒಂದು ದೊಡ್ಡ ಚಮಚ ಎಣ್ಣೆ, 20ರಿಂದ 25 ಹನಿ ಪರಿಮಳದ ಎಣ್ಣೆ ತಗೊಳ್ಳುತ್ತೇನೆ. 6 ಸೆಂಟಿಮೀಟರ್ ಅಗಲದ ಅಚ್ಚಾದರೆ ಎರಡು ಉಂಡೆ ಆಗಿ, ಮಿಕ್ಕಿದ್ದರಲ್ಲಿ ಒಂದು ಚಿಕ್ಕದು ಆಗುತ್ತದೆ. ಕಾರ್ನ್‌ಫ್ಲೋರ್ ಅಂದರೆ ಬೆಳ್ಳಗೆ, ನುಣ್ಣಗೆ ಇರುವ ಪಿಷ್ಟ. ಹಳದಿ ಮೆಕ್ಕೆಜೋಳದ ಹಿಟ್ಟು ಬೇಡ. ಇದು ಬುರುಗನ್ನು ಸ್ವಲ್ಪ ನಿಧಾನ ಮಾಡುತ್ತದೆ, ಉಂಡೆ ನೀರಿನಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ. ಎಣ್ಣೆಗೆ ನಾನು ತೆಂಗಿನೆಣ್ಣೆಯನ್ನೇ ಬಳಸುತ್ತೇನೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ತಂಪು ಜಾಗದಲ್ಲಿ ಉಂಡೆಯನ್ನು ಹಿಡಿದಿಡುತ್ತದೆ. ಗಟ್ಟಿಯಾಗಿದ್ದರೆ ಕರಗಿಸಿಕೊಂಡೇ ಹಾಕಿ. ತೂಕದ ಯಂತ್ರ ಇದ್ದರೆ ತೂಗಿಯೇ ಹಾಕಿ, ಕಪ್‌ನಲ್ಲಿ ಅಳೆದರೆ ಒತ್ತಿ ತುಂಬಿದ್ದಕ್ಕೂ ಸಡಿಲ ತುಂಬಿದ್ದಕ್ಕೂ ತುಂಬಾ ವ್ಯತ್ಯಾಸ ಬರುತ್ತದೆ.

ಒಣ ಪುಡಿಗಳನ್ನೆಲ್ಲ ಜರಡಿ ಹಿಡಿಯುವುದನ್ನು ದಯವಿಟ್ಟು ಬಿಡಬೇಡಿ. ಸೋಡಾದ ಒಂದು ಗಂಟು ಉಳಿದರೆ ಉಂಡೆ ಅಲ್ಲಿಂದಲೇ ಒಡೆಯುತ್ತದೆ. ಸಿಟ್ರಿಕ್ ಆಸಿಡ್ ಆದಷ್ಟು ನುಣ್ಣಗೆ ಇರಲಿ. ಸಕ್ಕರೆಯ ಹಾಗೆ ದಪ್ಪ ಕಾಳಿದ್ದರೆ ಉಂಡೆ ಒರಟಾಗುತ್ತದೆ. ಜರಡಿ ಹಿಡಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಗಂಟಲಿಗೆ ಹೋದರೆ ಕೆಮ್ಮು ನಿಲ್ಲುವುದಿಲ್ಲ. ಕೈಗೆ ಗ್ಲೌಸ್ ಹಾಕಿ. ಉಗುರಿನ ಪಕ್ಕ ಕಾಣದಷ್ಟು ಚಿಕ್ಕ ಗಾಯ ಇದ್ದರೂ ಸಿಟ್ರಿಕ್ ಆಸಿಡ್ ಉರಿಸಿ ತಿಳಿಸುತ್ತದೆ.

ಮೊದಲು ಎಣ್ಣೆ ಹಾಕಿ, ಬೆರಳ ತುದಿಗಳಿಂದ ಪುಡಿಗೆಲ್ಲ ಹತ್ತುವಂತೆ ಉಜ್ಜಿ. ಐದು ನಿಮಿಷವಾದರೂ ಉಜ್ಜಬೇಕು. ಇಷ್ಟಾದ ಮೇಲೆ ಒಂದು ಹಿಡಿ ತಗೊಂಡು ಒತ್ತಿ ನೋಡಿ. ಎಷ್ಟೋ ಸಲ ಎಣ್ಣೆಯಿಂದಲೇ ಅರ್ಧ ಹಿಡಿತ ಬಂದಿರುತ್ತದೆ, ಮುಕ್ಕಾಲು ಕೆಲಸ ಅಲ್ಲೇ ಮುಗಿದಿರುತ್ತದೆ.

ಆಮೇಲೆ ತೇವ. ನೀರನ್ನು ಚಮಚದಿಂದ ಸುರಿಯಬೇಡಿ. ಮಂಜಿನ ಹಾಗೆ ಸಿಂಪಡಿಸುವ ಸ್ಪ್ರೇ ಬಾಟಲಿ ಬೇಕು. ನಿಮಗೆ ಈಗಾಗಲೇ ಒಂದು ಸಲ ಉಬ್ಬಿರುವುದರಿಂದ ನೀರನ್ನೇ ಬಿಟ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ ಅನ್ನುತ್ತೇನೆ. ಅದು ಪುಡಿಯನ್ನು ಒದ್ದೆ ಮಾಡುತ್ತದೆ, ಬೇಗ ಆರಿಯೂ ಹೋಗುತ್ತದೆ. 99 ಪರ್ಸೆಂಟಿನದು ಸಿಕ್ಕರೆ ಒಳ್ಳೆಯದು. 70 ಪರ್ಸೆಂಟಿನದರಲ್ಲಿ ಮಿಕ್ಕಿದ್ದು ನೀರೇ, ಹಾಗಾಗಿ ಕೈ ಬಿಗಿ ಹಿಡಿದು ಸಿಂಪಡಿಸಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ ಯಾವುದೂ ಉರಿಯುತ್ತಿರಬಾರದು. ಅದು ಬೇಗ ಬೆಂಕಿ ಹತ್ತಿಕೊಳ್ಳುತ್ತದೆ.

ಎರಡು ಸಲ ಸಿಂಪಡಿಸಿ, ತಕ್ಷಣ ಕೈಯಾಡಿಸಿ. ಮತ್ತೆ ಎರಡು ಸಲ, ಮತ್ತೆ ಕೈಯಾಡಿಸಿ. ಸಿಂಪಡಿಸುವುದಕ್ಕಿಂತ ಕಲೆಸುವುದಕ್ಕೆ ಜಾಸ್ತಿ ಹೊತ್ತು ಹೋಗಬೇಕು. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಹನಿಯ ಲೆಕ್ಕದಲ್ಲಿ ಹೇಳಲು ಆಗುವುದಿಲ್ಲ, ಕೈಗೇ ತಿಳಿಯಬೇಕು. ಒಂದು ಹಿಡಿ ತಗೊಂಡು ಮುಷ್ಟಿ ಬಿಗಿಯಿರಿ. ಕೈ ಬಿಡಿಸಿದಾಗ ಬೆರಳುಗಳ ಅಚ್ಚು ಅದರ ಮೇಲೆ ಉಳಿದಿರಬೇಕು. ಆ ಗಟ್ಟಿಯನ್ನು ಅಂಗೈ ಎತ್ತರದಿಂದ ಬೋಗುಣಿಗೆ ಬೀಳಿಸಿ. ಎರಡು ಮೂರು ಹೋಳಾದರೆ ಸರಿಯಾಗಿದೆ. ಪುಡಿಯಾಗಿ ಚೆಲ್ಲಿದರೆ ಇನ್ನೂ ಎರಡು ಸಲ ಸಿಂಪಡಿಸಿ. ಒಡೆಯದೆ ಮೆತ್ತಗೆ ಕೂತರೆ ತೇವ ಜಾಸ್ತಿಯಾಗಿದೆ, ಆಗ ಸ್ವಲ್ಪ ಸೋಡಾ, ಕಾರ್ನ್‌ಫ್ಲೋರ್ ಸೇರಿಸಿ ಬೇಗ ಬೇಗ ಕಲೆಸಿ.

ನೀರು ಬಳಸುವವರಿಗೆ ಒಂದು ಗುರುತು ಹೇಳುತ್ತೇನೆ. ಕಲೆಸುವಾಗ ಬೋಗುಣಿಯ ತಳಕ್ಕೆ ಅಂಗೈ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಕೆಲಸ ಶುರುವಾಗಿಬಿಟ್ಟಿದೆ ಅಂತ ಅರ್ಥ. ಸೋಡಾ ಮತ್ತು ಸಿಟ್ರಿಕ್ ಆಸಿಡ್ ಸೇರುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತವೆ. ನನಗೆ ಮೊದಲ ಸಲ ಇದು ತಿಳಿದದ್ದು ಸ್ಟೀಲ್ ಬೋಗುಣಿ ಹಿಡಿದುಕೊಂಡಾಗ. ಕಣ್ಣಿಗೆ ಒಂದು ಗುಳ್ಳೆಯೂ ಕಾಣುತ್ತಿರಲಿಲ್ಲ, ಕಿವಿ ಹತ್ತಿರ ತಂದರೆ ಸಣ್ಣಗೆ ಚುರ್ ಅನ್ನುವ ಸದ್ದು. ಅವತ್ತಿನ ಉಂಡೆಗಳು ಮೇಲೆಲ್ಲ ಗುಳ್ಳೆ ಎದ್ದು ಒಣಗಿದವು. ಆಲ್ಕೋಹಾಲ್ ಬಳಸಿದಾಗ ಈ ಗುರುತು ನಂಬಬೇಡಿ, ಅದು ಆರುವಾಗಲೂ ಪಾತ್ರೆ ತಣ್ಣಗಾಗುತ್ತದೆ. ಆಗ ಕಿವಿಯನ್ನೇ ನಂಬಿ.

ಅಚ್ಚಿಗೆ ತುಂಬುವಾಗ ಎರಡೂ ಅರ್ಧಗಳಿಗೆ ಹೆಚ್ಚಾಗಿಯೇ ತುಂಬಿ, ಅಂಚಿನ ಮೇಲೆ ಸಣ್ಣ ಗುಡ್ಡ ನಿಲ್ಲಬೇಕು. ಒಳಗೆ ಜಾಸ್ತಿ ಒತ್ತಬೇಡಿ. ಗುಡ್ಡದ ಮೇಲೆ ಗುಡ್ಡ ಇಟ್ಟು ನೇರಕ್ಕೆ ಒತ್ತಿ, ತಿರುಗಿಸಿದರೆ ನಡುವಿನ ಬೆಸುಗೆ ಕಡಿಯುತ್ತದೆ. ಎರಡು ನಿಮಿಷ ಬಿಟ್ಟು ಅಚ್ಚನ್ನು ಚಮಚದಿಂದ ಮೆಲ್ಲಗೆ ತಟ್ಟಿ ಬಿಡಿಸಿ. ರಾತ್ರಿಯೆಲ್ಲಾ ಅಚ್ಚಿನಲ್ಲೇ ಇಡುವುದು ಬೇಡ, ಒಳಗಿನ ತೇವ ಹೋಗಲು ದಾರಿ ಇರುವುದಿಲ್ಲ. ನಿಮ್ಮ ಮೊದಲ ಸಲದ ಉಂಡೆಗೆ ಇದೂ ತೊಂದರೆ ಕೊಟ್ಟಿರಬೇಕು. ಬಿಡಿಸಿದ ಉಂಡೆಯನ್ನು ಮೆತ್ತನೆಯ ಬಟ್ಟೆ ಮಡಿಸಿ ಅದರ ಮೇಲೆ ಕೂರಿಸಿ, ಇಲ್ಲವಾದರೆ ಅಡಿ ಚಪ್ಪಟೆಯಾಗುತ್ತದೆ. ಫ್ಯಾನ್ ಇರುವ ಒಣ ಕೋಣೆಯಲ್ಲಿ ಒಂದು ದಿನ, ಇಲ್ಲವೇ ಎರಡು ದಿನ ಬಿಡಿ. ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ.

ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಹರಳು, ಹಾಕಬಹುದಾ ಅಂತ ಕೇಳಿದ್ದೀರಿ. ಉಂಡೆ ಸರಿಯಾಗಿ ಬರುವ ತನಕ ಬೇಡ. ಆ ಹರಳುಗಳ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರೇ ಇರುತ್ತದೆ, ಹರಳಿನೊಳಗೆ ಕಟ್ಟಿಕೊಂಡ ನೀರು. ಕೈಗೆ ಒಣಗಿದಂತೆ ಕಂಡರೂ ನಂಬುವ ಹಾಗಿಲ್ಲ. ಬೇಕೇ ಬೇಕು ಅಂದರೆ ಸ್ನಾನದ ನೀರಿಗೆ ಬೇರೆಯಾಗಿ ಹಾಕಿಕೊಳ್ಳಿ.

ಬಣ್ಣಕ್ಕೆ ಮೈಗೆ ಹಚ್ಚಲು ಯೋಗ್ಯ ಅಂತ ಬರೆದಿರುವ ಮೈಕಾ ಪುಡಿ ಒಂದು ಚಿಟಿಕೆ ಸಾಕು. ಮೈಕಾ ನೀರಿನಲ್ಲಿ ಕರಗುವುದಿಲ್ಲ, ಟಬ್ಬಿನ ಅಂಚಿಗೆ ಗೆರೆ ಕಟ್ಟಬಹುದು. ಸ್ನಾನ ಮುಗಿದ ಕೂಡಲೇ ಒರೆಸಿ. ಎಣ್ಣೆಯನ್ನು ನೀರಿನ ಜೊತೆ ಬೆರೆಸುವ ಪಾಲಿಸಾರ್ಬೇಟ್ 80 ಅನ್ನುವ ದ್ರವ ಒಂದು ಚಿಕ್ಕ ಚಮಚ ಸೇರಿಸಿದರೆ ಎಣ್ಣೆಯೂ ಬಣ್ಣವೂ ನೀರಿನಲ್ಲಿ ಹರಡಿಕೊಳ್ಳುತ್ತವೆ. ಪರಿಮಳಕ್ಕೆ ಲ್ಯಾವೆಂಡರ್‌ನಿಂದ ಶುರು ಮಾಡಿ. ದಾಲ್ಚಿನ್ನಿ, ಲವಂಗದ ಎಣ್ಣೆ ಚರ್ಮವನ್ನು ಸುಡುವ ಹಾಗೆ ಕೆರಳಿಸುತ್ತವೆ, ಅವು ಬೇಡವೇ ಬೇಡ. ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ಎಣ್ಣೆಗಳು ಮೈಮೇಲೆ ಉಳಿದು ಬಿಸಿಲು ಬಿದ್ದರೆ ಚರ್ಮ ಕೆಂಪಾಗಿ ಉರಿಯಬಹುದು. ಇಸುಬು ಇರುವವರು, ಬೇಗ ಅಲರ್ಜಿ ಆಗುವವರು, ಚಿಕ್ಕ ಮಕ್ಕಳು ಬಳಸುವುದಾದರೆ ಬಣ್ಣ, ಪರಿಮಳ ಎರಡನ್ನೂ ಬಿಟ್ಟು ಮಾಡಿ. ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಎಣ್ಣೆ ಇರುವುದರಿಂದ ಟಬ್ ಜಾರುತ್ತದೆ. ನನ್ನ ತಂಗಿ ಒಂದು ಸಲ ಏಳಲು ಹೋಗಿ ಕಾಲು ಜಾರಿ ಅಂಚನ್ನು ಹಿಡಿದುಕೊಂಡು ಬಚಾವಾದಳು. ಆಮೇಲಿಂದ ಯಾರಿಗೆ ಉಂಡೆ ಕೊಟ್ಟರೂ ಈ ಮಾತು ಹೇಳಿಯೇ ಕೊಡುತ್ತೇನೆ.

ಒಂದು ಕೊಸರು ಮಾತು. ಈ ಬಾತ್ ಬಾಂಬ್‌ಗೆ ತುಂಬಾ ವಯಸ್ಸೇನೂ ಆಗಿಲ್ಲ. 1989ರಲ್ಲಿ ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್ ಇದನ್ನು ಮೊದಲು ಮಾಡಿದರು. ನೀರಿಗೆ ಹಾಕಿದರೆ ಬುರುಗುವ ಆಲ್ಕಾ ಸೆಲ್ಟ್ಜರ್ ಮಾತ್ರೆ ನೋಡಿ ಅವರಿಗೆ ಈ ಯೋಚನೆ ಬಂತು. ಮುಂದೆ ಅವರು ಮತ್ತು ಜೊತೆಗಾರರು ಕಟ್ಟಿದ ಕಂಪನಿಯೇ ಲಶ್. ಮಾತ್ರೆಯೊಳಗಿನ ಕೆಲಸವನ್ನೇ ಅಂಗೈಯಗಲದ ಉಂಡೆಗೆ ತಂದದ್ದು ನನಗೆ ಈಗಲೂ ಬಹಳ ಇಷ್ಟ. ಮೊದಲ ಸಲ ಸರಿಯಾಗಿ ಬಂದ ಉಂಡೆಯನ್ನು ಬಿಸಿನೀರಿಗೆ ಬಿಟ್ಟಾಗ ನೋಡಿ, ಅದು ತಳಕ್ಕೆ ಹೋಗಿ, ಮೈತುಂಬ ಗುಳ್ಳೆ ಹೊತ್ತು ಮೇಲೆ ಬಂದು, ತನ್ನಷ್ಟಕ್ಕೆ ತಾನೇ ಸುತ್ತುತ್ತಾ ಕರಗುತ್ತದೆ. ಟಬ್ ಇಲ್ಲದಿದ್ದರೂ ಪರವಾಗಿಲ್ಲ. ಚಿಕ್ಕ ಉಂಡೆ ಮಾಡಿ, ಕಾಲು ಮುಳುಗುವಷ್ಟು ನೀರಿನ ಬೇಸಿನ್ನಿಗೆ ಹಾಕಿಕೊಳ್ಳಿ. ಆದರೆ ಕಾಲಿನಲ್ಲಿ ಗಾಯ ಇರಬಾರದು.

ಇನ್ನು ಈಗಾಗಲೇ ಕೆಟ್ಟಿವೆ ಅಂದಿರಲ್ಲ, ಅವನ್ನು ಎಸೆಯಬೇಡಿ. ಪುಡಿಯಾದದ್ದಕ್ಕೆ ಏನೂ ಆಗಿಲ್ಲ. ಅದನ್ನೇ ಮತ್ತೆ ಜರಡಿ ಹಿಡಿದು, ಒಂದು ಚಿಕ್ಕ ಚಮಚ ಎಣ್ಣೆ ಸೇರಿಸಿ, ಮುಷ್ಟಿ ಪರೀಕ್ಷೆ ಮಾಡಿ ಅಚ್ಚಿಗೆ ತುಂಬಿ. ಉಬ್ಬಿದ್ದರಲ್ಲಿ ಬುರುಗು ಸ್ವಲ್ಪ ಖರ್ಚಾಗಿ ಹೋಗಿದೆ, ಅದು ಮತ್ತೆ ಉಂಡೆ ಆಗುವುದಿಲ್ಲ. ಪೂರ್ತಿ ಒಣಗಿಸಿ, ಪುಡಿ ಮಾಡಿ, ಸ್ನಾನದ ನೀರಿಗೆ ಎರಡು ಮೂರು ಚಮಚ ಹಾಕಿಕೊಳ್ಳಿ. ಪರಿಮಳ, ಎಣ್ಣೆ ಎರಡೂ ಹಾಗೇ ಇರುತ್ತವೆ. ಒಣಗುವ ಮೊದಲೇ ಗಾಜಿನ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಬೇಡಿ, ಒಳಗೆ ಅನಿಲ ಕಟ್ಟಿಕೊಂಡರೆ ಡಬ್ಬಿ ಒಡೆಯಬಹುದು. ಮೊದಲೆರಡು ದಿನ ಮೇಲೆ ಬಟ್ಟೆ ಹೊದಿಸಿಡಿ, ಆಮೇಲೆ ಮುಚ್ಚಳ ಹಾಕಿ. ಮುಂದಿನ ಸಲ ಅರ್ಧ ಅಳತೆಯಲ್ಲಿ, ಒಣ ಹವೆ ಇರುವ ದಿನ ನೋಡಿ ಮಾಡಿ. ಮುಷ್ಟಿ ಬಿಡಿಸಿ ಬೀಳಿಸಿದಾಗ ಎಷ್ಟು ಹೋಳಾಯಿತು ಅಂತ ಇಲ್ಲೇ ಬರೆಯಿರಿ, ಎಷ್ಟು ಸಲ ಸಿಂಪಡಿಸಬೇಕು ಅಂತ ನೋಡಿ ಹೇಳುತ್ತೇನೆ.