ಟೈಮ್ ಟ್ರಾವೆಲ್ ಕಥೆಯ ನಾಯಕ ವೈಕಿಂಗ್ ಹಡಗನ್ನು ಸುಧಾರಿಸೋಕೆ ಆಗುತ್ತಾ?

ತುಂಬಾ ಕಷ್ಟ. ಇಂದಿನವನೊಬ್ಬ ಸಾವಿರ ವರ್ಷ ಹಿಂದಕ್ಕೆ ಹೋಗಿ ವೈಕಿಂಗರಿಗೆ (ಆ ಕಾಲದ ಉತ್ತರ ಯುರೋಪಿನ ಕಡಲಿಗರಿಗೆ) ಹಡಗು ಕಟ್ಟೋದು ಕಲಿಸಿದ ಅಂದರೆ ನನಗೆ ಕಥೆ ಅಲ್ಲೇ ಸಡಿಲವಾಗುತ್ತದೆ.

1880ರಲ್ಲಿ ನಾರ್ವೆಯ ಗೋಕ್‌ಸ್ಟಾಡ್‌ನಲ್ಲಿ ಸಿಕ್ಕ ವೈಕಿಂಗ್ ಹಡಗನ್ನೇ ನೋಡಿ. ಉದ್ದ ಸುಮಾರು 23 ಮೀಟರ್, ಹುಟ್ಟುಗಳು 32. ಓಕ್ ದಿಮ್ಮಿಯನ್ನು ಗರಗಸದಿಂದ ಕೊಯ್ದಿಲ್ಲ, ಮರದ ಎಳೆ ಹೋದ ದಾರಿಯಲ್ಲೇ ಸೀಳಿ ಕೊಡಲಿಯಿಂದ ಕೆತ್ತಿದ್ದಾರೆ. ಹಲಗೆಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಕೂರಿಸಿ ಕಬ್ಬಿಣದ ರಿವೆಟ್ ಹೊಡೆದಿದ್ದಾರೆ. ಸಂದಿಗೆ ಟಾರು ಹಚ್ಚಿದ ಪ್ರಾಣಿಯ ಕೂದಲು. ಅದಕ್ಕೇ ಹಲಗೆ ಅಷ್ಟು ತೆಳುವಾಗಿದ್ದರೂ ದೊಡ್ಡ ಅಲೆಗೆ ಮುರಿಯದೆ ಬಳುಕುತ್ತದೆ! ಇದರದ್ದೇ ಪ್ರತಿಕೃತಿ 1893ರಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕ ಮುಟ್ಟಿತು.

ಕಥೆ ಬರೆಯುತ್ತಿದ್ದರೆ ನಾಯಕನ ಕೈಗೆ ಮೊದಲು ಒಂದು ಕೊಡಲಿ ಕೊಡಿ, ಅವನು ಕಲಿಯಲಿ.