‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಜಪಾನಿ ಚಿತ್ರಕಥೆಯಲ್ಲಿನ (ಮಾಂಗಾ) ಇಶ್ವಾಲ್ ಯುದ್ಧಕ್ಕೆ ನಿಜ ಇತಿಹಾಸದ ಆಧಾರವಿದೆಯೇ?

ಯಾವುದೋ ಒಂದೇ ಯುದ್ಧದ ನಕಲು ಎನ್ನಲಾಗದು, ಆಧಾರವಂತೂ ಇದೆ. 2001ರಿಂದ 2010ರವರೆಗೆ ಧಾರಾವಾಹಿಯಾಗಿ ಬಂದ ಈ ಮಾಂಗಾದ ಕರ್ತೃ ಹಿರೋಮು ಅರಕಾವಾ ಹುಟ್ಟಿದ್ದು ಹೊಕ್ಕೈಡೊದಲ್ಲಿ, ಅಂದರೆ ಐನು ಮೂಲನಿವಾಸಿಗಳ ನೆಲವನ್ನು ಜಪಾನ್ ವಸಾಹತು ಮಾಡಿಕೊಂಡ ದ್ವೀಪದಲ್ಲಿ. ಎರಡನೆಯ ಮಹಾಯುದ್ಧದ ಮಾಜಿ ಸೈನಿಕರನ್ನೂ ಆಕೆ ಮಾತನಾಡಿಸಿದ್ದರು. ಕಥೆಯಲ್ಲಿ ಸೈನಿಕನೊಬ್ಬ ಇಶ್ವಾಲ್ ಜನಾಂಗದ ಮಗುವಿಗೆ ಗುಂಡಿಕ್ಕಿದ್ದರಿಂದ ಹೊತ್ತಿಕೊಂಡ ದಂಗೆ, ಏಳು ವರ್ಷಗಳ ಬಳಿಕ ಆ ಇಡೀ ಜನಾಂಗವನ್ನೇ ಅಳಿಸುವ ಆದೇಶದಲ್ಲಿ ಮುಗಿಯುತ್ತದೆ. ನನಗೆ ಹೆಚ್ಚು ಹರಿತವೆನಿಸುವ ವ್ಯಂಗ್ಯ ಆ ಸೇನೆಯ ಅಧಿಕಾರಿ ರಾಯ್ ಮಸ್ಟಾಂಗ್‌ನದು: ಇಶ್ವಾಲರನ್ನು ಸುಟ್ಟು ‘ವೀರ’ನೆನಿಸಿಕೊಂಡ ಆತ, ಅಧಿಕಾರದ ತುದಿಗೇರಿ ಪ್ರಜಾಪ್ರಭುತ್ವ ತರಲು ಹೊರಡುತ್ತಾನೆ; ಅದು ಬಂದರೆ ಯುದ್ಧಾಪರಾಧಿಯಾಗಿ ಕಟಕಟೆ ಹತ್ತಬೇಕಾದವರಲ್ಲಿ ತಾನೂ ಒಬ್ಬನೆಂದು ಅವನಿಗೆ ಚೆನ್ನಾಗಿ ಗೊತ್ತು.