ಸೋಡಿಯಂ ನೀರಿಗೆ ಬಿದ್ರೆ ಉರಿಯುತ್ತೆ, ತಾಮ್ರ ಯಾಕೆ ಸುಮ್ನಿರುತ್ತೆ? ಎರಡಕ್ಕೂ ಹೊರಗೆ ಒಂದೇ ಎಲೆಕ್ಟ್ರಾನ್ ತಾನೆ?

ಒಂದೇ ಹೌದು, ಆದ್ರೆ ತಾಮ್ರ ಆ ಒಂದನ್ನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಸೋಡಿಯಂ ಕೇಳಿದ ತಕ್ಷಣ ಕೊಟ್ಟುಬಿಡುತ್ತೆ.

ಒಳಗಿನ ಎಲೆಕ್ಟ್ರಾನ್‌ಗಳು ಪರಮಾಣುವಿನ ತಿರುಳಾದ ನ್ಯೂಕ್ಲಿಯಸ್ಸಿಗೂ ಹೊರಗಿನದಕ್ಕೂ ನಡುವೆ ಪರದೆ ಇದ್ದಂಗೆ. ಒಳಗಿಂದ ಹೊರಗೆ ಸುತ್ತು ಸುತ್ತಾಗಿ ಎಣಿಸಿದ್ರೆ ಸೋಡಿಯಂನ ಎಲೆಕ್ಟ್ರಾನ್ 2, 8, 1. ನ್ಯೂಕ್ಲಿಯಸ್ಸಿನ 11 ಪ್ರೋಟಾನ್ ಎಳೀತಿದ್ರೂ ಒಳಗಿನ 10 ಎಲೆಕ್ಟ್ರಾನ್ ಆ ಎಳೆತಾನ ಬಹುಪಾಲು ಮರೆ ಮಾಡ್ತವೆ. ತಾಮ್ರದ್ದು 2, 8, 18, 1, ಪ್ರೋಟಾನ್ 29, ಆ 18ರಲ್ಲಿ 10 ಡಿ-ಎಲೆಕ್ಟ್ರಾನ್ ಅಂತ ಬೇರೆ ಜಾತಿಯವು ಅದಾವೆ ನೋಡ್ರಿ, ಅವು ಮರೆ ಮಾಡೋದ್ರಲ್ಲಿ ಅಷ್ಟಕ್ಕಷ್ಟೆ, ಹರಕು ಚಾಪೆ ಕಟ್ಟಿದಂಗೆ, ಹಂಗಾಗಿ ನ್ಯೂಕ್ಲಿಯಸ್ಸಿನ ಎಳೆತ ಸಂದೀಲಿ ನುಗ್ಗಿ ಹೊರಗಿನ ಎಲೆಕ್ಟ್ರಾನಿಗೂ ಮುಟ್ಟುತ್ತೆ. ಅದನ್ನ ಕಿತ್ತು ಹಾಕೋಕೆ ಸೋಡಿಯಂಗೆ ಮೋಲ್‌ಗೆ ಸುಮಾರು 496 ಕಿಲೋಜೂಲ್ ಶಕ್ತಿ ಸಾಕು, ತಾಮ್ರಕ್ಕೆ 745 ಬೇಕು. (ಮೋಲ್ ಅಂದ್ರೆ ಡಜನ್ ಥರ ಪರಮಾಣು ಎಣಿಸೋ ಲೆಕ್ಕ.) ತಾಮ್ರದ ಪರಮಾಣುಗಳು ಒಂದಕ್ಕೊಂದು ಜೋರಾಗಿ ಅಂಟಿಕೊಂಡಿರೋದೂ ಇದಕ್ಕೆ ಸೇರುತ್ತೆ, ಸೋಡಿಯಂನ ಚಾಕುವಿಂದಲೇ ಬೆಣ್ಣೆ ಥರ ಕತ್ತರಿಸಬಹುದು.

ಅದಕ್ಕೇ ಲ್ಯಾಬಲ್ಲಿ ಸೋಡಿಯಂನ ಸೀಮೆಎಣ್ಣೇಲಿ ಮುಳುಗಿಸಿ ಇಡೋದು, ನಮ್ಮ ಚಿತ್ರದುರ್ಗದ ಇಂಗಳದಾಳಿನ ಗಣೀಲಿ ಸಿಗ್ತಿದ್ದಂಥ ತಾಮ್ರದ ಕೊಡದಲ್ಲಿ ನೀರನ್ನೇ ತುಂಬಿಡೋದು. ಹಂಗಂತ ತಾಮ್ರ ಪೂರ್ತಿ ಜಡ ಅಲ್ಲ, ಕೊಡ ನಿಧಾನಕ್ಕೆ ಗಾಳಿ ಕುಡಿದು ಕಪ್ಪಾಗುತ್ತೆ, ಆಮೇಲೆ ಹಸಿರು ಕಿಲುಬು. ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಅದರ ಹುಳಿ ಈ ಪದರಾನ ಕರಗಿಸಿ ತೆಗೆಯುತ್ತೆ, ಒಳಗಿನ ಕೆಂಪು ತಾಮ್ರ ಹಂಗೇ ಇರುತ್ತೆ.